ಕಾಲೇಜು ಮುಗಿಯಿತು, ಕೆಲಸ ಹುಡುಕಬೇಕು: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್, ಜುಲೈ ಬಂದರೆ ಸಾಕು, ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳುವವರು ಬಿಐಇಟಿ, ಯುಬಿಡಿಟಿ ಕಡೆಯ ಎಂಜಿನಿಯರಿಂಗ್ ಹುಡುಗರು, ಎವಿಕೆ, ಡಿಆರ್‌ಎಂನಲ್ಲಿ ಡಿಗ್ರಿ ಮುಗಿಸಿದವರು, ಚಿತ್ರದುರ್ಗದಿಂದ ಫೋನ್ ಮಾಡುವವರು, ಜೊತೆಗೆ ಅವರ ಅಪ್ಪ ಅಮ್ಮ. ಹೊಸಬರನ್ನು ಇಂಟರ್‌ವ್ಯೂ ಮಾಡುವ ಕಡೆ ಕೂತು ನೋಡಿದ್ದರಿಂದ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಕಡೆಯ ಬಹಳ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ತಾವು ಮಾಡಿದ್ದನ್ನು ವಿವರವಾಗಿ ಹೇಳಲು ಬರುವುದಿಲ್ಲ. ಕೆಲಸ ಸಿಕ್ಕ ಮೇಲೆ ಎಡವುವುದು ಇನ್ನೊಂದು ಕಡೆ: ಕಂಪನಿ ಬರೆದು ಕೊಟ್ಟಿದ್ದನ್ನು ಓದದೆ ಸಹಿ ಹಾಕುತ್ತಾರೆ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಈ ಎರಡರ ಸುತ್ತಲೇ ಇವೆ.

ಕ್ಯಾಂಪಸ್‌ನಲ್ಲಿ ಕೆಲಸ ಸಿಗಲಿಲ್ಲ. ಇನ್ನೇನು ಎಲ್ಲಾ ಮುಗೀತಾ?

ಇಲ್ಲ. ಆದರೆ ಸುಮ್ನೆ ಕೂರುವ ಸಮಯವೂ ಅಲ್ಲ. ಹೊಸಬರನ್ನು ತೆಗೆದುಕೊಳ್ಳುವ ದೊಡ್ಡ ಕಂಪನಿಗಳು ಪಾಸಾದ ವರ್ಷ ನೋಡುತ್ತವೆ. ಇಂಥ ಬ್ಯಾಚ್ ಮಾತ್ರ ಅಂತ ಜಾಹೀರಾತಿನಲ್ಲೇ ಬರೆದಿರುತ್ತಾರೆ. ಹಾಗಾಗಿ ಮೊದಲ ಒಂದು ವರ್ಷ ಬಹಳ ಬೆಲೆಯುಳ್ಳದ್ದು. ಟಿಸಿಎಸ್‌ನ ಎನ್‌ಕ್ಯೂಟಿ ಥರದ ಪರೀಕ್ಷೆಗೆ ಕ್ಯಾಂಪಸ್‌ಗೆ ಕಂಪನಿ ಬರದ ಕಾಲೇಜಿನವರೂ ಅರ್ಜಿ ಹಾಕಬಹುದು. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ 60 ಪರ್ಸೆಂಟ್ ಕೇಳುವ ಕಡೆ ನಿಮ್ಮದು 58 ಇದ್ದರೆ ಅಲ್ಲಿ ಹೊತ್ತು ಕಳೆಯಬೇಡಿ, ಸಣ್ಣ ಕಂಪನಿಗಳು ಆ ಗೆರೆ ಅಷ್ಟು ಗಟ್ಟಿಯಾಗಿ ಹಾಕುವುದಿಲ್ಲ. ಒಂದೆರಡು ಪೇಪರ್ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಬ್ಯಾಕ್‌ಲಾಗ್ ಇಟ್ಟುಕೊಂಡು ಆಫರ್ ಪಡೆದು, ಸೇರುವ ದಿನ ಮಾರ್ಕ್ಸ್ ಕಾರ್ಡ್ ಇಲ್ಲದೆ ವಾಪಸ್ ಬರುವುದು ಯಾರಿಗೆ ಬೇಕು?

ನಮ್ಮವರು ಗಮನವೇ ಕೊಡದ ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಡಿಗ್ರಿ, ಡಿಪ್ಲೊಮಾ ಆದವರನ್ನು ಒಂದು ವರ್ಷ ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಬೇಕು. ಎಚ್‌ಎಎಲ್, ಬಿಇಎಲ್ ಥರದ ಕಡೆಗಳಲ್ಲೂ ಅವಕಾಶ ಬರುತ್ತದೆ. ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರೆ ಅಂತ ಗ್ಯಾರಂಟಿ ಇಲ್ಲ. ಆದರೆ ಇಂಟರ್‌ವ್ಯೂನಲ್ಲಿ ಹೇಳಲು ಒಂದು ವರ್ಷದ ನಿಜವಾದ ಕೆಲಸ ನಿಮ್ಮ ಕೈಯಲ್ಲಿರುತ್ತದೆ.

ಬೆಂಗಳೂರಿಗೆ ಹೋಗಿ ಪಿಜಿ ಹಿಡಿದು ಹುಡುಕಬೇಕಾ, ಇಲ್ಲಿಂದಲೇ ಆಗುತ್ತದಾ?

ಮೊದಲ ಸುತ್ತುಗಳು ಈಗ ಬಹುತೇಕ ಆನ್‌ಲೈನ್. ಆಪ್ಟಿಟ್ಯೂಡ್ ಪರೀಕ್ಷೆ ಬರೆಯಲು ವಿದ್ಯಾನಗರದ ಮನೆಯೂ ಒಂದೇ, ಬಿಟಿಎಂ ಲೇಔಟ್‌ನ ಪಿಜಿಯೂ ಒಂದೇ. ಅದಕ್ಕೇ ನನ್ನ ಮಾತು: ಕೈಯಲ್ಲಿ ಕೆಲವು ಇಂಟರ್‌ವ್ಯೂ ಕರೆ ಬರುವವರೆಗೆ ಇಲ್ಲೇ ಇರಿ. ಊಟ ಮನೆಯದು, ತಿಂಗಳ ಖರ್ಚು ಉಳಿಯುತ್ತದೆ, ಮನಸ್ಸಿಗೂ ಗಡಿಬಿಡಿ ಇಲ್ಲ.

ಕೋರ್ಸ್ ಮಾಡಲೇಬೇಕು ಅಂತ ಹೋಗುವುದಾದರೆ "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಬೋರ್ಡ್ ನೋಡಿ ಫೀಸ್ ಕಟ್ಟಬೇಡಿ. ಹೋದ ಬ್ಯಾಚಿನವರು ಎಲ್ಲಿ ಸೇರಿದರು, ಅವರ ಜೊತೆ ಮಾತಾಡಬಹುದಾ ಅಂತ ಕೇಳಿ. ನಂಬರ್ ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಇಲ್ಲೇ ಕೆಲಸ ಬೇಕು ಅನ್ನುವವರಿಗೆ: ಆಡಿಟರ್ ಆಫೀಸು, ಆಸ್ಪತ್ರೆಯ ಬಿಲ್ಲಿಂಗ್ ಮತ್ತು ಆಡಳಿತ ವಿಭಾಗ, ವಾಹನ ಡೀಲರ್‌ಗಳು, ಸಹಕಾರಿ ಬ್ಯಾಂಕು, ರೈಸ್ ಮಿಲ್, ಹರಿಹರ ಕಡೆಯ ಕಾರ್ಖಾನೆಗಳು. ಸಂಬಳ ಕಡಿಮೆ, ನಿಜ. ಈ ಕೆಲಸಗಳ ಜಾಹೀರಾತು ಆನ್‌ಲೈನ್‌ನಲ್ಲಿ ಅಷ್ಟಾಗಿ ಬರುವುದಿಲ್ಲ, ಬಾಯಿಂದ ಬಾಯಿಗೆ ಹೋಗುತ್ತವೆ. ಪಿ.ಜೆ. ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ನೇರವಾಗಿ ರೆಸ್ಯೂಮೆ ಕೊಟ್ಟು ಬರುವುದರಲ್ಲಿ ನಾಚಿಕೆ ಏನಿಲ್ಲ.

ಬ್ಯಾಂಕಿನ ಹೆಸರಲ್ಲಿ ಸೇಲ್ಸ್ ಕೆಲಸ ಬಂದರೆ ಒಂದು ಪ್ರಶ್ನೆ ಕೇಳಲೇಬೇಕು: ಸಂಬಳ ಕೊಡುವುದು ಬ್ಯಾಂಕೋ, ಬೇರೆ ಏಜೆನ್ಸಿಯೋ? ಐಡಿ ಕಾರ್ಡಿನ ಮೇಲೆ ಬ್ಯಾಂಕಿನ ಲೋಗೋ, ಆಫರ್ ಲೆಟರಿನಲ್ಲಿ ಇನ್ಯಾವುದೋ ಹೆಸರು ಇರುವುದು ಉಂಟು. ಅದು ತಪ್ಪು ಅಂತಲ್ಲ, ಗೊತ್ತಿದ್ದು ಸೇರಬೇಕು. ತಿಂಗಳ ಟಾರ್ಗೆಟ್ ಎಷ್ಟು ಅಂತಲೂ ಅಲ್ಲೇ ಕೇಳಿಬಿಡಿ.

ರೆಸ್ಯೂಮೆಯಲ್ಲಿ ಏನು ಬರೆಯಬೇಕು?

ಹೊಸಬರಿಗೆ ಒಂದು ಪುಟ ಸಾಕು. ತಂದೆಯ ಹೆಸರು, ಜಾತಿ, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಕೊನೆಗೊಂದು "ಮೇಲಿನದೆಲ್ಲ ಸತ್ಯ" ಎಂಬ ಘೋಷಣೆ, ಇದ್ಯಾವುದೂ ಬೇಡ. ಹವ್ಯಾಸದಲ್ಲಿ "ಹಾಡು ಕೇಳುವುದು" ಕೂಡ ಬೇಡ.

ಬರೆಯಬೇಕಾದ್ದು ನೀವು ಕೈಯಾರೆ ಮಾಡಿದ ಕೆಲಸ. ಒಬ್ಬ ಹುಡುಗನ ರೆಸ್ಯೂಮೆಯಲ್ಲಿ "ಶ್ರಮಜೀವಿ, ತಂಡದಲ್ಲಿ ಹೊಂದಿಕೊಳ್ಳುವವನು" ಅಂತೆಲ್ಲ ಇತ್ತು. ಮಾತಾಡಿಸಿದಾಗ ಗೊತ್ತಾಯಿತು, ಅವರ ಮಾವನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿ, ಸೀಸನ್‌ನಲ್ಲಿ ಲಾರಿ ಲೋಡು, ತೂಕದ ಚೀಟಿ, ರೈತರ ಬಾಕಿ ಎಲ್ಲವನ್ನೂ ಇವನೇ ಎಕ್ಸೆಲ್‌ನಲ್ಲಿ ಬರೆದಿಡುತ್ತಾನೆ. ಅದನ್ನು ಬಿಟ್ಟು ಶ್ರಮಜೀವಿ ಅಂತ ಬರೆದಿದ್ದ! "ಧಾನ್ಯದ ಅಂಗಡಿಯಲ್ಲಿ ಎರಡು ಸೀಸನ್ ತೂಕ ಮತ್ತು ಪಾವತಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ನಿರ್ವಹಿಸಿದ್ದೇನೆ" ಅಂದರೆ ಎದುರಿಗಿರುವವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬರುತ್ತಾರೆ. ಮನೆಯ ಅಂಗಡಿ, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರ, ಟ್ಯೂಷನ್ ಹೇಳಿದ್ದು, ಕಾಲೇಜು ಫೆಸ್ಟ್‌ನ ಖರ್ಚು ವೆಚ್ಚ ನೋಡಿದ್ದು, ಎಲ್ಲವೂ ಕೆಲಸವೇ.

ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ತೊಂದರೆ ಆಗುತ್ತದಾ?

ಆಗುತ್ತದೆ. ಇದು ನಮ್ಮ ಕಡೆಯ ದೊಡ್ಡ ತಲೆನೋವು, ಯಾರೂ ಮೊದಲೇ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ "ಮಂಜುನಾಥ ಕೆ", ಆಧಾರ್‌ನಲ್ಲಿ "ಮಂಜುನಾಥ್ ಕೆ ಆರ್", ಪಾನ್ ಕಾರ್ಡಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿರುತ್ತದೆ. ಕಂಪನಿಯವರು ಹಿನ್ನೆಲೆ ಪರಿಶೀಲನೆ ಮಾಡುವಾಗ, ಪಿಎಫ್ (ಭವಿಷ್ಯ ನಿಧಿ) ಖಾತೆಯ ನಂಬರ್, ಅಂದರೆ ಯುಎಎನ್ ಮಾಡುವಾಗ, ಬ್ಯಾಂಕಿನಲ್ಲಿ ಸಂಬಳದ ಖಾತೆ ತೆರೆಯುವಾಗ ಎಲ್ಲ ಕಡೆ ಇದು ಅಡ್ಡ ಬರುತ್ತದೆ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ಕಷ್ಟ. ಅದಕ್ಕೇ ಅದನ್ನು ಮೂಲ ಅಂತ ಇಟ್ಟುಕೊಂಡು ಆಧಾರ್ ಮತ್ತು ಪಾನ್ ಅನ್ನು ಅದಕ್ಕೆ ಹೊಂದಿಸಿ. ಹುಟ್ಟಿದ ದಿನಾಂಕವೂ ಒಂದೇ ಇರಲಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಜನ್ಮದಿನಾಂಕಕ್ಕೆ ಒಂದೇ ಸಲ. ಹಾಗಾಗಿ ಆಧಾರ್ ಕೇಂದ್ರದವರು ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ನೋಡಿಯೇ ಸರಿ ಅನ್ನಿ. ಈ ಕೆಲಸ ಇಂಟರ್‌ವ್ಯೂಗೆ ಮೊದಲೇ ಮುಗಿಯಲಿ, ಆಫರ್ ಬಂದ ಮೇಲೆ ಓಡಾಡಲು ಹೊತ್ತಿರುವುದಿಲ್ಲ.

"ನಿಮ್ಮ ಬಗ್ಗೆ ಹೇಳಿ" ಅಂದರೆ ಏನು ಹೇಳುವುದು?

ರೆಸ್ಯೂಮೆಯಲ್ಲಿ ಇರುವುದನ್ನು ಓದಿ ಹೇಳಬೇಡಿ. "ನಮ್ಮದು ನಾಲ್ಕು ಜನರ ಕುಟುಂಬ, ತಂದೆ ಕೃಷಿಕರು" ಅಂತ ಶುರು ಮಾಡುವುದೂ ಬೇಡ. ಅಪ್ಪನ ಬಗ್ಗೆ ಹೆಮ್ಮೆ ಇರಲಿ, ಆದರೆ ಕೇಳಿದ್ದು ನಿಮ್ಮ ಬಗ್ಗೆ.

ಒಂದೂವರೆ ನಿಮಿಷದ ಉತ್ತರ ಸಾಕು. ಏನು ಓದಿದಿರಿ, ಅದರಲ್ಲಿ ಯಾವುದು ಹಿಡಿಸಿತು, ಆ ಹಿಡಿಸಿದ್ದರಲ್ಲಿ ಏನು ಮಾಡಿದಿರಿ, ಈ ಕೆಲಸಕ್ಕೆ ಯಾಕೆ ಬಂದಿರಿ. ಉದಾಹರಣೆಗೆ: "ದಾವಣಗೆರೆಯಲ್ಲಿ ಬಿಸಿಎ ಮುಗಿಸಿದ್ದೇನೆ. ಡೇಟಾಬೇಸ್ ವಿಷಯ ಇಷ್ಟ. ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ಎಷ್ಟು ಜನ ಊಟಕ್ಕೆ ಬರುತ್ತಾರೆ ಅಂತ ಗೊತ್ತಾಗದೆ ಅನ್ನ ಉಳಿಯುತ್ತಿತ್ತು. ಅದಕ್ಕೆ ಹಿಂದಿನ ದಿನವೇ ಹೆಸರು ಬರೆಸುವ ಸಣ್ಣ ಆ್ಯಪ್ ಮಾಡಿದೆವು, ಅದರ ಡೇಟಾಬೇಸ್ ಭಾಗ ನನ್ನದು. ನಿಮ್ಮಲ್ಲಿ ಬ್ಯಾಕೆಂಡ್ ಕೆಲಸ ಇದೆ ಅಂತ ನೋಡಿ ಅರ್ಜಿ ಹಾಕಿದೆ." ಇಷ್ಟೇ. ಮುಂದಿನ ಪ್ರಶ್ನೆ ಆ ಮೆಸ್ ಬಗ್ಗೆಯೇ ಬರುತ್ತದೆ ನೋಡಿ. ಅಂದರೆ ಅವರು ಏನು ಕೇಳಬೇಕು ಅನ್ನುವುದನ್ನು ಅರ್ಧ ನೀವೇ ತೀರ್ಮಾನ ಮಾಡಿದ ಹಾಗಾಯಿತು.

ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ಬಾಯಿಗೆ ಬರುವುದೇ ಇಲ್ಲ.

ಓದಿದರೆ ಅರ್ಥ ಆಗುತ್ತದೆ ಅಲ್ವಾ? ಹಾಗಿದ್ದರೆ ಅರ್ಧ ಕೆಲಸ ಮುಗಿದಿದೆ. ಬಾಕಿ ಇರುವುದು ಬಾಯಿಯ ಅಭ್ಯಾಸ, ಅದು ಪುಸ್ತಕದಿಂದ ಬರುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಹಾಕಿ ದಿನಕ್ಕೆ ಒಂದು ಪ್ರಶ್ನೆಗೆ ಜೋರಾಗಿ ಉತ್ತರ ಹೇಳಿ, ಆಮೇಲೆ ಕೇಳಿಸಿಕೊಳ್ಳಿ. ಮೊದಲ ವಾರ ನಿಮ್ಮ ಧ್ವನಿ ನಿಮಗೇ ಮುಜುಗರ ತರುತ್ತದೆ, ಪರವಾಗಿಲ್ಲ. ಇಬ್ಬರು ಮೂವರು ಸೇರಿ ಸಂಜೆ ಕುಂದುವಾಡ ಕೆರೆ ಸುತ್ತ ನಡೆಯುತ್ತಾ ಇಂಗ್ಲಿಷ್‌ನಲ್ಲೇ ಮಾತಾಡುತ್ತೇವೆ ಅಂತ ಒಪ್ಪಂದ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಯಾರಾದರೂ ನಕ್ಕರೆ ಮಂಡಕ್ಕಿ ಮಿರ್ಚಿ ಅವರ ಲೆಕ್ಕಕ್ಕೆ.

ಕಂಠಪಾಠ ಮಾತ್ರ ಮಾಡಬೇಡಿ. ಕಂಠಪಾಠದ ಇಂಗ್ಲಿಷ್ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ, ಮಧ್ಯದಲ್ಲಿ ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತದೆ. ಸಣ್ಣ ವಾಕ್ಯ ಬಳಸಿ. ವ್ಯಾಕರಣ ತಪ್ಪಿದರೆ ತಾಂತ್ರಿಕ ಕೆಲಸದ ಇಂಟರ್‌ವ್ಯೂನಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ವಾಯ್ಸ್ ಪ್ರೊಸೆಸ್, ಗ್ರಾಹಕರ ಜೊತೆ ಮಾತಾಡುವ ಕೆಲಸ ಆದರೆ ಮಾತ್ರ ನೋಡುತ್ತಾರೆ, ಅಲ್ಲಿ ಅದೇ ಕೆಲಸ. ಎಚ್‌ಆರ್ ಕನ್ನಡದವರು ಅಂತ ಗೊತ್ತಾದರೆ "ಈ ಒಂದು ವಿಷಯ ಕನ್ನಡದಲ್ಲಿ ಹೇಳಲಾ" ಅಂತ ಕೇಳಬಹುದು. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ.

ಪ್ರಾಜೆಕ್ಟ್ ದುಡ್ಡು ಕೊಟ್ಟು ಮಾಡಿಸಿದ್ದು. ಕೇಳಿದರೆ ಏನು ಮಾಡಲಿ?

ಕೇಳಿಯೇ ಕೇಳುತ್ತಾರೆ. ಎರಡು ವಾರ ಕೂತು ಅದನ್ನು ಬಿಚ್ಚಿ ನೋಡಿ. ಯಾವ ಭಾಗ ಏನು ಮಾಡುತ್ತದೆ, ಯಾಕೆ ಆ ಸೆನ್ಸರ್, ಯಾಕೆ ಆ ಭಾಷೆ, ಬೇರೆಯದು ಬಳಸಿದ್ದರೆ ಏನಾಗುತ್ತಿತ್ತು, ಎಲ್ಲಿ ಕೈಕೊಟ್ಟಿತು. ಆಮೇಲೆ ನಿಮ್ಮ ಕೈಯಿಂದ ಅದಕ್ಕೆ ಒಂದು ಹೊಸ ಭಾಗ ಸೇರಿಸಿ. ಇಂಟರ್‌ವ್ಯೂನಲ್ಲಿ ಆ ಭಾಗದ ಬಗ್ಗೆ ಮಾತಾಡಿ. ತಂಡದಲ್ಲಿ ನಾಲ್ಕು ಜನ ಇದ್ದಾಗ ಎಲ್ಲವನ್ನೂ ನಾನೇ ಮಾಡಿದೆ ಅನ್ನುವವರನ್ನು ಯಾರೂ ನಂಬುವುದಿಲ್ಲ.

ಬಿಕಾಂ ಆದವರಿಗೆ ಏನು ಕೇಳುತ್ತಾರೆ?

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಬರುತ್ತದಾ ಅನ್ನುವುದು ಮೊದಲ ಪ್ರಶ್ನೆ. ಬರುತ್ತದೆ ಅಂದರೆ ಅಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿ ನಾಲ್ಕು ಬಿಲ್ಲು ಕೊಡುತ್ತಾರೆ, ಹಾಗಾಗಿ ಸರ್ಟಿಫಿಕೇಟ್ ತೋರಿಸಿ ಪಾರಾಗುವುದು ಸಾಧ್ಯವಿಲ್ಲ. ಆಮೇಲೆ ಜಿಎಸ್‌ಟಿ. ಪ್ರತಿ ತಿಂಗಳು ಫೈಲ್ ಮಾಡುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ ಅಂತ ನಾಲಿಗೆ ತುದಿಯಲ್ಲಿರಲಿ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅಂದರೆ ಏನು ಅಂತ ಅಶೋಕ ರಸ್ತೆಯ ಬಟ್ಟೆ ಅಂಗಡಿಯ ಲೆಕ್ಕ ಇಟ್ಟುಕೊಂಡು ವಿವರಿಸಿ: ಸೂರತ್ ವ್ಯಾಪಾರಿಗೆ ಕಟ್ಟಿದ ತೆರಿಗೆಯನ್ನು ಗಿರಾಕಿಯಿಂದ ಪಡೆದ ತೆರಿಗೆಯಲ್ಲಿ ಹೇಗೆ ಕಳೆಯುತ್ತಾರೆ ಅಂತ. ಬ್ಯಾಂಕ್ ಹೊಂದಾಣಿಕೆ ಪಟ್ಟಿ, ಎಕ್ಸೆಲ್‌ನಲ್ಲಿ ವಿ-ಲುಕಪ್ (VLOOKUP) ಮತ್ತು ಪಿವಟ್ ಟೇಬಲ್ ಗೊತ್ತಿದ್ದರೆ ಇಲ್ಲಿನ ಆಫೀಸುಗಳಲ್ಲಿ ಬೇಡಿಕೆ ಇದೆ. ಸಂಬಳ ಜಾಸ್ತಿ ಇರದಿದ್ದರೂ ಒಳ್ಳೆಯ ಆಡಿಟರ್ ಕೈಕೆಳಗೆ ಒಂದು ವರ್ಷ ಇದ್ದವರಿಗೆ ಬೆಂಗಳೂರಿನಲ್ಲಿ ಮಾತಾಡಲು ವಿಷಯ ಸಿಗುತ್ತದೆ.

ಉತ್ತರ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲ ಅನ್ನಿ. ಅದಕ್ಕೆ ಹತ್ತಿರದ್ದು ಏನಾದರೂ ಗೊತ್ತಿದ್ದರೆ ಅದನ್ನು ಸೇರಿಸಿ. ಬುರುಡೆ ಬಿಟ್ಟರೆ ಮುಂದಿನ ಪ್ರಶ್ನೆ ಆ ಬುರುಡೆಯ ಮೇಲೇ ಇರುತ್ತದೆ.

ಆನ್‌ಲೈನ್ ಇಂಟರ್‌ವ್ಯೂಗೆ ಏನು ತಯಾರಿ?

ಕರೆಂಟ್ ಮತ್ತು ನೆಟ್. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಫೋನಿನ ಹಾಟ್‌ಸ್ಪಾಟ್ ಬೇರೆ ಕಂಪನಿಯ ಸಿಮ್‌ನದಾಗಿರಲಿ. ಮುಖಕ್ಕೆ ಬೆಳಕು ಬೀಳಲಿ, ಕಿಟಕಿ ಬೆನ್ನ ಹಿಂದೆ ಬೇಡ. ಮನೆಯವರಿಗೆ ಮೊದಲೇ ಹೇಳಿ ಮಿಕ್ಸಿ ನಿಲ್ಲಿಸಿ. ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡು ಎಐ ಹೇಳಿದ್ದನ್ನು ಓದುವ ಚಾಳಿ ಈಗ ಜಾಸ್ತಿ ಆಗಿದೆ. ಕಣ್ಣು ಎಡದಿಂದ ಬಲಕ್ಕೆ ಓಡುವುದು ಎದುರಿಗೆ ಚೆನ್ನಾಗಿ ಕಾಣುತ್ತದೆ. ಅಭ್ಯಾಸಕ್ಕೆ ಎಐ ಬಳಸಿ, ಪ್ರಶ್ನೆ ಕೇಳಿಸಿಕೊಳ್ಳಿ, ಉತ್ತರ ತಿದ್ದಿಸಿಕೊಳ್ಳಿ. ಇಂಟರ್‌ವ್ಯೂ ಹೊತ್ತಲ್ಲಿ ಅದನ್ನು ಮುಚ್ಚಿಡಿ.

ಏನು ಹಾಕಿಕೊಂಡು ಹೋಗಬೇಕು?

ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು, ಅಥವಾ ಚೂಡಿದಾರ. ಸೂಟು ಬಾಡಿಗೆ ತರಬೇಡಿ. ಹೊಸ ಶೂ ಅವತ್ತೇ ಮೊದಲ ಸಲ ಹಾಕಬೇಡಿ, ಕಾಲು ಕಚ್ಚುತ್ತದೆ.

3.6 ಲಕ್ಷ ಪ್ಯಾಕೇಜ್ ಅಂದರು. ತಿಂಗಳಿಗೆ 30 ಸಾವಿರ ಕೈಗೆ ಬರುತ್ತದೆ ಅಲ್ವಾ?

ಬರುವುದಿಲ್ಲ. ಒಂದು ಲೆಕ್ಕ ನೋಡಿ. ಪ್ಯಾಕೇಜ್ ಅಂದರೆ ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಪೂರ್ತಿ ಖರ್ಚು. 3,60,000ದಲ್ಲಿ 36,000 ವೇರಿಯಬಲ್ ಅಂತ ಇಟ್ಟಿದ್ದರೆ ಅದು ತಿಂಗಳ ಸಂಬಳದಲ್ಲಿ ಬರುವುದಿಲ್ಲ, ವರ್ಷದ ಕೊನೆಗೆ ಬರಬಹುದು, ಕಡಿಮೆಯೂ ಆಗಬಹುದು. ಉಳಿದದ್ದು ತಿಂಗಳಿಗೆ 27,000. ಬೇಸಿಕ್ 15,000 ಇದ್ದರೆ ಅದರ 12 ಪರ್ಸೆಂಟ್ 1,800 ಕಂಪನಿಯ ಪಿಎಫ್ ಪಾಲು, ಅದನ್ನೂ ಪ್ಯಾಕೇಜಿನೊಳಗೇ ಸೇರಿಸಿರುತ್ತಾರೆ. ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ ಬೇಸಿಕ್‌ನ 4.81 ಪರ್ಸೆಂಟ್, ಸುಮಾರು 721. ವಿಮೆಗೆ 500 ಅಂತ ಇಟ್ಟುಕೊಳ್ಳಿ. ಇವೆಲ್ಲ ಹೋಗಿ ಸುಮಾರು 23,979. ಅದರಿಂದ ನಿಮ್ಮ ಪಾಲಿನ ಪಿಎಫ್ 1,800 ಕಳೆದರೆ ಕೈಗೆ 22 ಸಾವಿರದ ಸ್ವಲ್ಪ ಮೇಲೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಜಾಸ್ತಿ ಇದ್ದರೆ ವೃತ್ತಿ ತೆರಿಗೆ 200 ಕೂಡ ಹೋಗುತ್ತದೆ, ಈ ಲೆಕ್ಕದಲ್ಲಿ ಅದು ಬರುವುದಿಲ್ಲ.

ಪಿಎಫ್ ಹೋಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮ್ಮದೇ ದುಡ್ಡು. ಕೆಲಸ ಬದಲಿಸಿದರೂ ಯುಎಎನ್ ನಂಬರ್ ಒಂದೇ ಇರಬೇಕು, ಹೊಸ ಕಂಪನಿಗೆ ಹಳೆಯ ನಂಬರ್ ಕೊಡಿ. ಮನೆಯಲ್ಲಿ "30 ಸಾವಿರ ಸಂಬಳ" ಅಂತ ಹೇಳಿ ಆಮೇಲೆ ಪೇಚಾಡುವ ಬದಲು, ಆಫರ್ ಬಂದ ದಿನವೇ ಎಚ್‌ಆರ್‌ಗೆ "ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ" ಅಂತ ಕೇಳಿ. ಇದು ದುರಾಸೆ ಅಲ್ಲ.

ಬಾಂಡ್ ಬರೆಸಿಕೊಳ್ಳುತ್ತಾರೆ. ಸಹಿ ಹಾಕಬಹುದಾ?

"ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ ಬಿಡಿ" ಅಂತ ಹೇಳುವ ಅಣ್ಣಂದಿರು ಪ್ರತಿ ಪಿಜಿಯಲ್ಲೂ ಇದ್ದಾರೆ. ಅದನ್ನು ನಂಬಿ ಸಹಿ ಹಾಕಬೇಡಿ. ಮೂರು ವರ್ಷ ಕೆಲಸ ಮಾಡಬೇಕು, ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ಪ್ರಕರಣ, ಎಲ್ಲ ಖಾಸಗಿ ಬಾಂಡಿಗೂ ಹಾಗೇ ಅನ್ವಯಿಸುತ್ತದೆ ಅಂತ ಅಲ್ಲ. ಆದರೂ ಎಷ್ಟು ವರ್ಷ, ಎಷ್ಟು ದುಡ್ಡು, ನಿಜವಾಗಿ ಏನು ತರಬೇತಿ ಕೊಡುತ್ತಾರೆ ಅಂತ ಓದಿ. ಒಂದು ವರ್ಷ, ದುಡ್ಡು ಕಡಿಮೆ, ತರಬೇತಿ ಚೆನ್ನಾಗಿದ್ದರೆ ಹೋಗಿ. ತಿಂಗಳಿಗೆ 12 ಸಾವಿರ ಕೊಟ್ಟು ಮೂರು ವರ್ಷ ಕಟ್ಟಿಹಾಕುವುದಾದರೆ ನಾನಂತೂ ಬೇಡ ಅನ್ನುತ್ತೇನೆ.

ಮೂಲ ಮಾರ್ಕ್ಸ್ ಕಾರ್ಡ್ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ.

ಕೆಲಸ ಖಚಿತ, ಲ್ಯಾಪ್‌ಟಾಪ್‌ಗೆ ಡಿಪಾಸಿಟ್ ಕಟ್ಟಿ ಅನ್ನುತ್ತಿದ್ದಾರೆ.

ಮೋಸ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಅದಕ್ಕೆ ಡಿಪಾಸಿಟ್, ಯೂನಿಫಾರ್ಮ್, ಪರಿಶೀಲನಾ ಶುಲ್ಕ ಅಂತ ಯಾವ ಹೆಸರಿಟ್ಟರೂ ಅಷ್ಟೇ. ಇಂಟರ್‌ವ್ಯೂ ಇಲ್ಲದೆ ವಾಟ್ಸ್ಆ್ಯಪ್‌ನಲ್ಲೇ ಆಫರ್ ಬಂದರೆ, ಇಮೇಲ್ ಕಂಪನಿಯ ವಿಳಾಸದ ಬದಲು ಜಿಮೇಲ್‌ನಿಂದ ಬಂದರೆ ಅಲ್ಲೇ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಖಾತೆಯಲ್ಲೇ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಸರ್ಕಾರಿ ಕೆಲಸಕ್ಕೆ ಓದಲಾ, ಕಂಪನಿಗೆ ಹೋಗಲಾ?

ಇದನ್ನು ಮಕ್ಕಳಿಗಿಂತ ಅಪ್ಪಂದಿರು ಜಾಸ್ತಿ ಕೇಳುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಓದಿ, ಆದರೆ ಗಡುವು ಹಾಕಿಕೊಂಡು ಓದಿ. ರಾಜ್ಯದ ನೇಮಕಾತಿಗಳು ಅಧಿಸೂಚನೆಯಿಂದ ಆದೇಶದವರೆಗೆ ವರ್ಷಗಟ್ಟಲೆ ಎಳೆದ ಉದಾಹರಣೆ ಬೇಕಾದಷ್ಟಿವೆ. ಐಬಿಪಿಎಸ್ ಥರದ ಬ್ಯಾಂಕ್ ಪರೀಕ್ಷೆಗಳು ವರ್ಷಕ್ಕೊಮ್ಮೆ ವೇಳಾಪಟ್ಟಿ ಪ್ರಕಾರ ನಡೆಯುತ್ತವೆ, ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ, ಹಳೆಯ ಪುಸ್ತಕ ಓದುವವರು ಗಮನಿಸಿ.

ರಾಜ್ಯ ಸರ್ಕಾರದ ನೇಮಕಾತಿಯಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ 25 ಪರ್ಸೆಂಟ್ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಇದೆ. ಶಾಲೆಯ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಎಲ್ಲ ನಿಗದಿತ ನಮೂನೆಯಲ್ಲಿ ಮೊದಲೇ ಮಾಡಿಸಿಡಿ. ಹಿಂದೆ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕಿನವರು ಕಲ್ಯಾಣ ಕರ್ನಾಟಕದವರ ಮೀಸಲಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನೂ ಮರೆಯಬೇಡಿ.

ಓದುವಾಗಲೂ ಅರ್ಧ ದಿನದ ಕೆಲಸವೊಂದನ್ನು ಹಿಡಿಯಿರಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಇಲ್ಲದವರಿಗೆ ರಾಜ್ಯ ಸರ್ಕಾರದ ಭತ್ಯೆ ಯುವನಿಧಿ ಇದೆ, ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಮುಂದೆ ಓದುತ್ತಿರುವವರಿಗೆ, ಕೆಲಸದಲ್ಲಿ ಇರುವವರಿಗೆ, ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ ಬರುವುದಿಲ್ಲ. ಹಾಗಾಗಿ ಯಾವುದು ಬೇಕು ಅಂತ ಲೆಕ್ಕ ಹಾಕಿ, ಎರಡನ್ನೂ ಒಟ್ಟಿಗೆ ನೆಚ್ಚಬೇಡಿ.

ಎರಡು ವರ್ಷ ಗ್ಯಾಪ್ ಆಗಿದೆ. ಏನು ಹೇಳಲಿ?

ಆಗಿದ್ದನ್ನೇ. "ಕೆಪಿಎಸ್‌ಸಿಗೆ ಓದಿದೆ, ಆಗಲಿಲ್ಲ, ಈಗ ಕೆಲಸಕ್ಕೆ ಸೇರಬೇಕು ಅಂತ ತೀರ್ಮಾನಿಸಿದ್ದೇನೆ" ಅಂದರೆ ಸಾಕು, ಮುಖ ಸಣ್ಣ ಮಾಡಿಕೊಳ್ಳಬೇಡಿ. ಸುಳ್ಳು ಅನುಭವ ಪತ್ರ ಮಾಡಿಸಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಪಿಎಫ್ ದಾಖಲೆ ನೋಡಿದರೆ ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತೀರಿ, ಸೇರಿ ಆರು ತಿಂಗಳಾದ ಮೇಲೂ ತೆಗೆದುಹಾಕುತ್ತಾರೆ.

ಇಂಟರ್‌ವ್ಯೂನಲ್ಲಿ "ಮದುವೆ ಯಾವಾಗ" ಅಂತ ಕೇಳಿದರು.

ಹುಡುಗಿಯರಿಗೆ ಮಾತ್ರ ಬರುವ ಪ್ರಶ್ನೆ ಇದು, ಕೇಳಬಾರದ್ದು. "ಸದ್ಯ ಕೆಲಸದ ಕಡೆ ಗಮನ, ಈ ಹುದ್ದೆಯಲ್ಲಿ ಮುಂದುವರಿಯುವ ಉದ್ದೇಶದಿಂದಲೇ ಬಂದಿದ್ದೇನೆ" ಅಂತ ನಗುನಗುತ್ತಾ ಹೇಳಿ ಮಾತು ತಿರುಗಿಸಿ. ಮತ್ತೆ ಮತ್ತೆ ಕೆದಕಿದರೆ ಆ ಆಫೀಸು ಹೇಗಿರಬಹುದು ಅಂತ ನಿಮಗೇ ಗೊತ್ತಾಯಿತು. ನೀವೂ ಕೇಳಿ: ಶಿಫ್ಟ್ ಎಷ್ಟು ಗಂಟೆಗೆ ಮುಗಿಯುತ್ತದೆ, ರಾತ್ರಿ ಆದರೆ ಕ್ಯಾಬ್ ಇದೆಯಾ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯಾ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಲೇಬೇಕು. ಮನೆಯಲ್ಲಿ ಅಮ್ಮ ಕೇಳುವ ಪ್ರಶ್ನೆಗೂ ಇದರಿಂದಲೇ ಉತ್ತರ ಸಿಗುತ್ತದೆ.

ಬೆಂಗಳೂರಿನಲ್ಲಿ ಬೆಳಗ್ಗೆ 10ಕ್ಕೆ ಇಂಟರ್‌ವ್ಯೂ. ಹೇಗೆ ಹೋಗುವುದು?

ಅವತ್ತೇ ಬೆಳಗ್ಗೆ ಹೊರಡುವ ಯೋಚನೆ ಬಿಡಿ, ದಾರಿ 260 ಕಿಲೋಮೀಟರ್ ಆಸುಪಾಸು. ರಾತ್ರಿ ರೈಲು ಅಥವಾ ಬಸ್ ಹಿಡಿಯಿರಿ, ಸ್ನೇಹಿತರ ರೂಮಿನಲ್ಲಿ ಸ್ನಾನ ಮಾಡಿ ಹೊರಡಿ. ಯಶವಂತಪುರದಲ್ಲಿ ಇಳಿದರೆ ಹಸಿರು ಮೆಟ್ರೋ ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹತ್ತಿ, 2025ರ ಆಗಸ್ಟ್‌ನಲ್ಲಿ ಅದು ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಭಯ ಇಲ್ಲ. ವೈಟ್‌ಫೀಲ್ಡ್ ಕಡೆಗಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ. ದೊಡ್ಡ ಟೆಕ್ ಪಾರ್ಕ್‌ಗಳಲ್ಲಿ ಗೇಟಿನಿಂದ ಕಟ್ಟಡಕ್ಕೆ ನಡೆಯುವುದು, ಪಾಸ್ ಮಾಡಿಸುವುದು ಸೇರಿ ಅರ್ಧ ಗಂಟೆ ಹೋಗಬಹುದು. ಆಧಾರ್ ಕಾರ್ಡ್ ಮೂಲವೇ ಇರಲಿ, ರೆಸ್ಯೂಮೆಯ ಎರಡು ಪ್ರತಿ ಇರಲಿ, ಕರೆದ ಎಚ್‌ಆರ್ ನಂಬರನ್ನು ಫೋನಿನಲ್ಲಲ್ಲದೆ ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ, ರಾತ್ರಿಯೆಲ್ಲ ರೈಲಿನಲ್ಲಿ ರೀಲ್ಸ್ ನೋಡಿದ ಫೋನಿನ ಚಾರ್ಜು ಬೆಳಗ್ಗೆ ಗೇಟಿನ ಹತ್ತಿರ ಹೋಗುವ ಹೊತ್ತಿಗೇ ಖಾಲಿಯಾಗುತ್ತದೆ.